ಹೊಸ ಭಾಷೆಯ ಪದಗಳು: ಮತ್ತೆ ಮತ್ತೆ ಓದುವುದೋ, ನೆನಪಿನಿಂದ ಹೇಳುವುದೋ?

ಜರ್ಮನ್ ಕಲಿಯಲು ಹೊರಟವರು ಪದಪಟ್ಟಿಯನ್ನು ಮತ್ತೆ ಮತ್ತೆ ಓದಬಹುದು, ಇಲ್ಲವೇ ಅರ್ಥದ ಸಾಲನ್ನು ಅಂಗೈಯಿಂದ ಮುಚ್ಚಿ ಉತ್ತರವನ್ನು ನೆನಪಿನಿಂದಲೇ ಹೇಳಿಕೊಳ್ಳಬಹುದು. ಓದುವ ಕ್ರಮ ಹಗುರವಾದದ್ದು. ಹಲವು ಸಲ ಕಂಡ ಪದ ಪರಿಚಿತವೆನಿಸುತ್ತದೆ. ಆದರೆ ಕಂಡ ಪದವನ್ನು ಗುರುತಿಸುವುದಕ್ಕೂ, ಮಾತಿನ ನಡುವೆ ಅದು ತಾನಾಗಿ ಒದಗಿಬರುವುದಕ್ಕೂ ಬಹಳ ಅಂತರವಿದೆ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕಾರ್ಪಿಕೆ ಮತ್ತು ರೋಡಿಗರ್ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು 40 ಸ್ವಾಹಿಲಿ ಪದಗಳನ್ನು ಇಂಗ್ಲಿಷ್ ಅರ್ಥಗಳೊಂದಿಗೆ ಕಲಿತರು. ಒಮ್ಮೆ ಸರಿಯಾಗಿ ಹೇಳಿದ ಪದವನ್ನು ಮುಂದೆಯೂ ನೆನಪಿನಿಂದ ಹೇಳುತ್ತ ಹೋದವರು ಒಂದು ವಾರದ ಬಳಿಕ ಶೇಕಡಾ 80ರಷ್ಟು ಅರ್ಥಗಳನ್ನು ಹೇಳಬಲ್ಲವರಾಗಿದ್ದರೆ, ಅಂಥ ಪದವನ್ನು ಕೇವಲ ಓದುತ್ತ ಹೋದವರಿಗೆ ಉಳಿದದ್ದು ಸುಮಾರು ಮೂರನೆಯ ಒಂದು ಭಾಗ ಮಾತ್ರ. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಇನ್ನೊಂದು ಸಂಗತಿ: ತಮಗೆ ಎಷ್ಟು ನೆನಪಿರುತ್ತದೆಂದು ಮೊದಲೇ ಊಹಿಸಲು ಹೇಳಿದಾಗ ಎರಡೂ ಗುಂಪಿನವರ ಊಹೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಯಾವ ಕ್ರಮ ಫಲಿಸುತ್ತಿದೆ ಎಂಬುದು ಕಲಿಯುವವರಿಗೇ ತಿಳಿಯುವುದಿಲ್ಲ.

ಓದುವುದು ವ್ಯರ್ಥವೆಂದಲ್ಲ. ಅವರದೇ 2006ರ ಅಧ್ಯಯನದಲ್ಲಿ, ಗದ್ಯಭಾಗವೊಂದನ್ನು ಎರಡು ಸಲ ಓದಿದವರು ಐದು ನಿಮಿಷಗಳ ಬಳಿಕ ಶೇಕಡಾ 81ರಷ್ಟನ್ನು ನೆನಪಿಸಿಕೊಂಡರು. ಒಮ್ಮೆ ಓದಿ ಒಮ್ಮೆ ನೆನಪಿನಿಂದ ಬರೆದವರು ಶೇಕಡಾ 75ರಷ್ಟನ್ನು. ವಾರ ಕಳೆದಾಗ ಅದು ತಿರುವುಮುರುವಾಗಿ ಶೇಕಡಾ 42 ಮತ್ತು 56 ಆಯಿತು. ಪರೀಕ್ಷೆ ಇನ್ನೈದು ನಿಮಿಷದಲ್ಲಿದ್ದರೆ ಓದಿ. ಭಾಷೆ ಬಹುಕಾಲ ಉಳಿಯಬೇಕೆಂದಿದ್ದರೆ ಪುಟವನ್ನು ಮುಚ್ಚಿ, 'ಮೇಜು' ಎಂಬುದಕ್ಕೆ 'ಟಿಶ್' ಎಂದಷ್ಟೇ ಅಲ್ಲದೆ ಲಿಂಗಸೂಚಕವನ್ನೂ ಸೇರಿಸಿ 'ಡೆರ್ ಟಿಶ್' ಎಂದು ಹೇಳಿ, ಕೂಡಲೇ ಪುಟ ತೆರೆದು ಸರಿನೋಡಿಕೊಳ್ಳಿ.