ವರದಿ ಯೂಸರ್‌ನ ಡೀಫಾಲ್ಟ್ ಸೆಟ್ಟಿಂಗ್: ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್

ಬೆಂಗಳೂರಿನಲ್ಲಿ ಮನೆಬಾಗಿಲಿಗೆ ಹಾಲಿನ ಪ್ಯಾಕೆಟ್ ಬೀಳುವುದು ಬೆಳಗ್ಗೆ ಐದರ ಆಸುಪಾಸು. ಸರ್ವರ್ ಗಡಿಯಾರ ಯುಟಿಸಿಯಲ್ಲಿದ್ದರೆ (ಜಾಗತಿಕ ಪ್ರಮಾಣ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ) ಅದು ಹಿಂದಿನ ರಾತ್ರಿ 11:30. ದಿನದ ವರದಿಯಲ್ಲಿ ಇವತ್ತಿನ ಹಾಲು ನಿನ್ನೆಯ ಲೆಕ್ಕಕ್ಕೆ ಹೋಗುತ್ತದೆ. ಇದಕ್ಕಾಗಿ ವರದಿ ತೆಗೆಯುವ ಲಾಗಿನ್‌ಗಷ್ಟೇ ಭಾರತದ ಸಮಯ, 30 ಸೆಕೆಂಡಿನ ಕ್ವೆರಿ ಮಿತಿ, ಬರೀ ಓದುವ ಹಕ್ಕು ಕೊಡಬೇಕು. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎಂಬ ಎರಡೂ ಡೇಟಾಬೇಸ್ ತಂತ್ರಾಂಶಗಳಲ್ಲಿ ಹಾಕಿ ನೋಡಿದಾಗ ಪೋಸ್ಟ್‌ಗ್ರೆಸ್ಸೇ ಮೇಲು, ಆದರೆ ಅಲ್ಲೂ ಮುಗ್ಗರಿಸುವ ಜಾಗಗಳಿವೆ.

ಪೋಸ್ಟ್‌ಗ್ರೆಸ್‌ನಲ್ಲಿ ಹಕ್ಕುಗಳನ್ನು ಕಟ್ಟಿಕೊಡುವ ಹೆಸರೇ ರೋಲ್; ಲಾಗಿನ್ ಹಕ್ಕಿರುವ ರೋಲೇ ಯೂಸರ್. ಡೀಫಾಲ್ಟನ್ನು ಕಾನ್ಫಿಗ್ ಫೈಲ್‌ನಲ್ಲಿ, ಡೇಟಾಬೇಸ್ ಮೇಲೆ, ರೋಲ್ ಮೇಲೆ, ಅಥವಾ ಇಂಥ ಡೇಟಾಬೇಸ್‌ನಲ್ಲಿ ಇಂಥ ರೋಲ್‌ಗೆ ಎಂದು ಹಾಕಬಹುದು. ಈ ಸಾಲಿನಲ್ಲಿ ಹಿಂದಿನದನ್ನು ಮುಂದಿನದು ಮೀರುತ್ತದೆ. ನಮ್ಮ ಕೆಲಸಕ್ಕೆ ಕೊನೆಯದೇ ಸರಿ (ಇಲ್ಲಿ ರೋಲ್‌ನ ಹೆಸರು ‘ವರದಿ’, ಡೇಟಾಬೇಸ್‌ನ ಹೆಸರು ‘ಹಾಲು’): ‘ಆಲ್ಟರ್ ರೋಲ್ ವರದಿ ಇನ್ ಡೇಟಾಬೇಸ್ ಹಾಲು ಸೆಟ್ ಟೈಮ್‌ಝೋನ್ = 'ಏಷ್ಯಾ/ಕೋಲ್ಕತಾ'’. ಕ್ವೆರಿಯ ಸಮಯಮಿತಿಯಾದ ಸ್ಟೇಟ್‌ಮೆಂಟ್ ಟೈಮ್‌ಔಟ್‌ಗೆ ಬರೀ 30 ಎಂದು ಕೊಟ್ಟರೆ ಅದು 30 ಮಿಲಿಸೆಕೆಂಡ್, ವರದಿ ಶುರುವಾಗುವ ಮೊದಲೇ ಸಾಯುತ್ತದೆ. ‘30ಎಸ್’ ಎಂದು ಕೋಟ್ ಒಳಗೆ ಬರೆಯಿರಿ.

ಇವೆಲ್ಲ ಲಾಗಿನ್ ಆಗುವ ಕ್ಷಣದಲ್ಲಿ, ಲಾಗಿನ್ ಆದ ರೋಲ್‌ಗೆ ಮಾತ್ರ ಹತ್ತುತ್ತವೆ. ಗುಂಪಿನ ರೋಲ್‌ಗೆ ಸೆಟ್ಟಿಂಗ್ ಹಾಕಿ ಹತ್ತು ಜನರನ್ನು ಸದಸ್ಯರಾಗಿಸಿದರೆ ಅವರಿಗೆ ಹಕ್ಕು ಬರುತ್ತದೆ, ಸೆಟ್ಟಿಂಗ್ ಬರುವುದಿಲ್ಲ. ಆಮೇಲೆ ‘ಸೆಟ್ ರೋಲ್’ ಮಾಡಿದರೂ ಅಷ್ಟೇ. ಕನೆಕ್ಷನ್‌ಗಳನ್ನು ತೆರೆದಿಟ್ಟು ಮರುಬಳಸುವ ಪಿಜಿಬೌನ್ಸರ್ ನಡುವೆ ಇದ್ದರೆ ಹಳೆಯ ಸರ್ವರ್ ಕನೆಕ್ಷನ್‌ಗಳು ಹಳೆಯ ಸೆಟ್ಟಿಂಗನ್ನೇ ಹಿಡಿದುಕೊಂಡಿರುತ್ತವೆ; ಅದರ ಅಡ್ಮಿನ್ ಕನ್ಸೋಲ್‌ನಲ್ಲಿ ‘ರೀಕನೆಕ್ಟ್’ ಕೊಡಬೇಕು.

ಇಷ್ಟಾದರೂ ಸಮಯ ಯುಟಿಸಿಯಲ್ಲೇ ಕಂಡರೆ ಸೆಟ್ಟಿಂಗ್‌ಗಳ ಪಟ್ಟಿಯಾದ ‘ಪಿಜಿ_ಸೆಟ್ಟಿಂಗ್ಸ್’ನಲ್ಲಿ ‘ಸೋರ್ಸ್’ ಕಾಲಂ ನೋಡಿ. ‘ಡೇಟಾಬೇಸ್ ಯೂಸರ್’ ಎಂದಿದ್ದರೆ ನಿಮ್ಮದು ಹತ್ತಿದೆ. ‘ಕ್ಲೈಂಟ್’ ಎಂದಿದ್ದರೆ ಕನೆಕ್ಟ್ ಆಗುವಾಗಲೇ ಯಾರೋ ಬೇರೆಯದನ್ನು ಕಳಿಸಿದ್ದಾರೆ. ಜಾವಾ ಆಪ್‌ಗಳನ್ನು ಡೇಟಾಬೇಸ್‌ಗೆ ಜೋಡಿಸುವ ಜೆಡಿಬಿಸಿ ಡ್ರೈವರ್ ತನ್ನ ಜೆವಿಎಂನ (ಜಾವಾ ಓಡುವ ಯಂತ್ರಾಂಶದ) ಟೈಮ್‌ಝೋನನ್ನು ಹೀಗೇ ತಳ್ಳುತ್ತದೆ.

ಬರೀ ಓದಲು ಬಿಡುವ ಸೆಟ್ಟಿಂಗ್ ‘ಡೀಫಾಲ್ಟ್ ಟ್ರಾನ್ಸಾಕ್ಷನ್ ರೀಡ್ ಓನ್ಲಿ’ಯನ್ನು ಬೀಗ ಅಂದುಕೊಳ್ಳಬೇಡಿ. ಅದೇ ಯೂಸರ್ ‘ಸೆಟ್’ ಹೇಳಿ ತೆಗೆದುಹಾಕಬಹುದು, ಟೈಮ್‌ಔಟ್ ಕೂಡ ಹಾಗೇ. ಬೀಗ ಬೇಕಿದ್ದರೆ ಓದುವ ಹಕ್ಕಾದ ‘ಗ್ರಾಂಟ್ ಸೆಲೆಕ್ಟ್’ ಮಾತ್ರ ಕೊಡಿ.

ಮೈಎಸ್‌ಕ್ಯೂಎಲ್‌ಗೆ ರೋಲ್ ಬಂದದ್ದು 8.0ರಲ್ಲಿ. ರೋಲ್ ಕೊಟ್ಟ ಮಾತ್ರಕ್ಕೆ ಅದು ಲಾಗಿನ್‌ನಲ್ಲಿ ಚಾಲೂ ಆಗುವುದಿಲ್ಲ. ಗ್ರಾಂಟ್ ಎಲ್ಲ ಸರಿಯಿದ್ದೂ ‘ಆಕ್ಸೆಸ್ ಡಿನೈಡ್’ ಬಂದರೆ ‘ಕರೆಂಟ್_ರೋಲ್()’ ಕೇಳಿ. ‘ನನ್’ (ಯಾವ ರೋಲೂ ಚಾಲೂ ಇಲ್ಲ) ಎಂದು ಬಂದರೆ ‘ಸೆಟ್ ಡೀಫಾಲ್ಟ್ ರೋಲ್ ಆಲ್ ಟು’ ಬಾಕಿ ಇದೆ ಎಂದರ್ಥ. ಯೂಸರ್‌ಗೊಂದು ಟೈಮ್‌ಝೋನ್ ಡೀಫಾಲ್ಟ್ ಹಾಕುವ ಸೌಲಭ್ಯ ಇಲ್ಲಿಲ್ಲ. ಕನೆಕ್ಟ್ ಆದೊಡನೆ ಓಡುವ ‘ಇನಿಟ್_ಕನೆಕ್ಟ್’ ಇದೆ, ಆದರೆ ಅದು ಎಲ್ಲರಿಗೂ ಒಂದೇ, ಅದೂ ಅಡ್ಮಿನ್ ಹಕ್ಕಿನವರಿಗೆ ಓಡುವುದಿಲ್ಲ. ಅದರಲ್ಲಿ ತಪ್ಪಿದ್ದರೆ ರೂಟ್‌ನಲ್ಲಿ ಪರೀಕ್ಷಿಸಿದವರಿಗೆ ಎಲ್ಲ ನೆಟ್ಟಗೆ ಕಾಣುತ್ತದೆ, ಉಳಿದವರ ಕನೆಕ್ಷನ್ ಕಡಿದುಹೋಗುತ್ತದೆ.

ಇಲ್ಲಿ ಸಮಯವನ್ನು ಆಪ್‌ನ ಕನೆಕ್ಷನ್ ಶುರುವಿನಲ್ಲೇ ಹಾಕುವುದು ವಾಸಿ. ಟೈಮ್‌ಝೋನ್ ಟೇಬಲ್‌ಗಳನ್ನು ಲೋಡ್ ಮಾಡಿರದಿದ್ದರೆ ಊರಿನ ಹೆಸರು ನಡೆಯದು, ‘+05:30’ ಬರೆಯಿರಿ. ಕಾಲಂ ‘ಟೈಮ್‌ಸ್ಟ್ಯಾಂಪ್’ ಆಗಿದ್ದರಷ್ಟೇ ಇದು ಕೆಲಸ ಮಾಡುತ್ತದೆ. ‘ಡೇಟ್‌ಟೈಮ್’ ಆಗಿದ್ದರೆ ಐದು ಗಂಟೆಯ ಹಾಲು 11:30ರಲ್ಲೇ ಉಳಿಯುತ್ತದೆ.