ಮೃದಂಗಕ್ಕೊಂದು, ಡ್ರಮ್ಸ್‌ಗೊಂದು: ಬೇಸ್ ಹೆಚ್ಚಿರುವ ಇಯರ್‌ಫೋನ್‌ಗಳ ಹೋಲಿಕೆ

ಬೇಸ್ (ಕೆಳಗಿನ ಸ್ವರಗಳ ಭಾಗ) ಹೆಚ್ಚಿರುವ ಇನ್-ಇಯರ್ ಮಾನಿಟರ್ (ಕಿವಿಯೊಳಗೆ ಕೂರುವ ಇಯರ್‌ಫೋನ್) ಕೊಳ್ಳಲು ಹೊರಟವರು ಅದರಲ್ಲಿ ಬೇಸ್ ಎಷ್ಟಿದೆ ಎಂದು ಮೊದಲು ವಿಚಾರಿಸುತ್ತಾರೆ. ಕರ್ನಾಟಕ ಸಂಗೀತದಿಂದ ಹಿಡಿದು ಎಲೆಕ್ಟ್ರಾನಿಕ್ ಸಂಗೀತದವರೆಗೆ ಎಲ್ಲವನ್ನೂ ಕೇಳುವ ನನಗೆ, ಆ ಏರಿಕೆ ಯಾವ ಕಂಪನಾಂಕದಲ್ಲಿ (ಸೆಕೆಂಡಿಗೆ ಎಷ್ಟು ಕಂಪನ ಎಂಬ, ಹರ್ಟ್ಜ್‌ನಲ್ಲಿ ಹೇಳುವ ಅಳತೆ) ಕುಳಿತಿದೆ ಎಂಬ ಪ್ರಶ್ನೆಯೇ ಹೆಚ್ಚು ಮುಖ್ಯವೆಂದು ಈ ಹೋಲಿಕೆಯಿಂದ ಮನವರಿಕೆಯಾಯಿತು. ಸುಮಾರು 20ರಿಂದ 60 ಹರ್ಟ್ಜ್‌ವರೆಗಿನ ಸಬ್-ಬೇಸ್ ಅನ್ನು ಎತ್ತಿದರೆ ಒಂದು ಬಗೆಯ ಸಂಗೀತ ಅರಳುತ್ತದೆ. ಅದರ ಮೇಲಿನ, ಸುಮಾರು 250 ಹರ್ಟ್ಜ್‌ವರೆಗಿನ ಮಿಡ್-ಬೇಸ್ ಅನ್ನು ಎತ್ತಿದರೆ ಬೇರೊಂದು ಬಗೆಯದು ಅರಳುತ್ತದೆ, ಮತ್ತೊಂದು ಬಗೆಯದು ಮಂಕಾಗುತ್ತದೆ.

ಹೋಲಿಕೆಗೆ ಮೂರು ಜೋಡಿಗಳನ್ನು ಇಟ್ಟುಕೊಂಡೆ. ಎಟಿಮೋಟಿಕ್ ಇಆರ್2ಎಸ್‌ಇ ಬೇಸ್ ಅನ್ನು ಎತ್ತದ, ಸಮತಟ್ಟಾದ ಧ್ವನಿಯದು. ಅದು ಇಲ್ಲಿ ಅಳತೆಗೋಲು. ಬ್ಲಾನ್ ಬಿಎಲ್-03 ಮಿಡ್-ಬೇಸ್ ತುಂಬಿದ, ಬೆಚ್ಚನೆಯ ಧ್ವನಿಯದು. ಟ್ರೂಥಿಯರ್ ಝೀರೋ ರೆಡ್ ಜೊತೆಗೆ 10 ಓಮ್ ವಿದ್ಯುತ್ ರೋಧದ ಚಿಕ್ಕದೊಂದು ಅಡಾಪ್ಟರ್ ಬರುತ್ತದೆ. ಅದನ್ನು ನಡುವೆ ಸಿಕ್ಕಿಸಿದರೆ ಬೇಸ್, ಅದರಲ್ಲೂ ಸಬ್-ಬೇಸ್, ಏರುತ್ತದೆ, ತೆಗೆದರೆ ಇಳಿಯುತ್ತದೆ, ಉಳಿದ ಧ್ವನಿ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಬೇಸ್ ಒಂದನ್ನೇ ಬದಲಿಸಿ ಕೇಳಬೇಕೆನ್ನುವವರಿಗೆ ಇಷ್ಟು ಅನುಕೂಲವಾದ ಸಾಧನ ಇನ್ನೊಂದು ನನಗೆ ಸಿಕ್ಕಿಲ್ಲ. ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುವುದರಿಂದ, ಪ್ರತಿ ಸಲವೂ ಗಾಯಕರ ಮಧ್ಯಸ್ಥಾಯಿಯ ಧ್ವನಿ ಒಂದೇ ಮಟ್ಟದಲ್ಲಿ ಕೇಳುವಂತೆ ವಾಲ್ಯೂಮ್ ಹೊಂದಿಸಿಕೊಂಡ ಮೇಲೆಯೇ ತೀರ್ಮಾನಕ್ಕೆ ಬಂದಿದ್ದೇನೆ.

ಮೊದಲು ಕರ್ನಾಟಕ ಸಂಗೀತ. ಒಂದು ಕಟ್ಟೆ ಶ್ರುತಿಯಲ್ಲಿ (ಹಾರ್ಮೋನಿಯಂನ ಮೊದಲ ಬಿಳಿ ಮನೆ, ಎಂದರೆ 'ಸಿ' ಸ್ವರ) ಹಾಡುವ ಗಾಯಕರ ಆಧಾರ ಷಡ್ಜ ಸುಮಾರು 131 ಹರ್ಟ್ಜ್. ಅವರ ತಂಬೂರಿಯ ಪಂಚಮದ ತಂತಿ ಸುಮಾರು 98ರಲ್ಲಿ, ಮಂದ್ರ ಷಡ್ಜದ ತಂತಿ ಸುಮಾರು 65ರಲ್ಲಿ ಮಿಡಿಯುತ್ತವೆ. ಎಂದರೆ ತಂಬೂರಿಯ ಎರಡು ಸ್ವರಗಳು, ಗಾಯಕರ ಕೆಳಗಿನ ಸ್ಥಾಯಿ, ಮೃದಂಗದ ಬಲಭಾಗದ ಶ್ರುತಿ ಇವೆಲ್ಲವೂ ಬಿಎಲ್-03 ಎತ್ತಿ ಹಿಡಿಯುವ ಜಾಗದಲ್ಲಿಯೇ ಬಂದು ಸೇರುತ್ತವೆ. ಆಲಾಪನೆ ಆರಂಭವಾದ ಕೆಲವು ಕ್ಷಣಗಳಲ್ಲಿ ತಂಬೂರಿ ಬಹಳ ತುಂಬಿಕೊಂಡಂತೆ, ಹಿತವಾಗಿ ಕೇಳುತ್ತದೆ. ಆದರೆ ಗಾಯಕರು ಮಂದ್ರಕ್ಕೆ ಇಳಿದಾಗ ಅವರ ದನಿ ಮತ್ತು ತಂಬೂರಿಯ ನಾದ ಒಂದರೊಳಗೊಂದು ಸೇರಿ, ಗಮಕದ ಸೂಕ್ಷ್ಮ ಏರಿಳಿತಗಳನ್ನು ಹಿಂಬಾಲಿಸಲು ಶ್ರಮಪಡಬೇಕಾಗುತ್ತದೆ. ಐದು ಕಟ್ಟೆ ಶ್ರುತಿಯ ಗಾಯಕಿಯರ ಕಛೇರಿಗಳಲ್ಲಿ ಷಡ್ಜವೇ ಸುಮಾರು 196 ಹರ್ಟ್ಜ್‌ನಲ್ಲಿರುವುದರಿಂದ, ದನಿಯ ಬಹುಪಾಲು ಆ ಉಬ್ಬಿನಿಂದ ಪಾರಾಗುತ್ತದೆ. ಅಲ್ಲಿ ಇದೇ ಜೋಡಿಯ ಬಗ್ಗೆ ನನ್ನ ಆಕ್ಷೇಪ ಬಹಳ ಕಡಿಮೆ.

ಮೃದಂಗವನ್ನು ಬೇಸ್ ವಾದ್ಯವೆಂದು ಭಾವಿಸುವುದರಿಂದ ಆಯ್ಕೆ ದಾರಿ ತಪ್ಪುತ್ತದೆ. ಸಾಮಾನ್ಯ ಚರ್ಮವಾದ್ಯಗಳ ಉಪಸ್ವರಗಳಿಗೆ (ಮೂಲಸ್ವರದ ಜೊತೆಗೇ ಮೇಲೆ ಮೂಡುವ ಸ್ವರಗಳು) ಮೂಲಸ್ವರದೊಂದಿಗೆ ಸರಳ ಅನುಪಾತವಿರುವುದಿಲ್ಲ. ನಮ್ಮ ಮೃದಂಗ, ತಬಲಾಗಳಲ್ಲಿ ಕರಣೆಯ (ಚರ್ಮದ ಮೇಲೆ ಹಚ್ಚುವ ಕಪ್ಪು ಲೇಪ) ದೆಸೆಯಿಂದ ಅವು ತಂತಿವಾದ್ಯದಂತೆ ಹೊಂದಿಕೊಳ್ಳುತ್ತವೆ ಎಂಬುದನ್ನು ಸಿ. ವಿ. ರಾಮನ್ ಅವರು ಶಿವಕಾಳಿ ಕುಮಾರ್ ಅವರೊಂದಿಗೆ 1920ರಲ್ಲಿಯೇ 'ನೇಚರ್' ಪತ್ರಿಕೆಯಲ್ಲಿ ತೋರಿಸಿಕೊಟ್ಟಿದ್ದರು. ಮೃದಂಗದ ಬಲಭಾಗದ ಸೊಗಸು ಈ ಉಪಸ್ವರಗಳ ಶುದ್ಧಿಯಲ್ಲಿದೆ, ಅವು ಇರುವುದು ಬೇಸ್‌ಗಿಂತ ಮೇಲೆ. ಚಾಪು ಎಂಬ ಹೊಡೆತ ಬಿದ್ದಾಗ ಮೂಡುವ ಆ ಖಣ್ ಎಂಬ ನಾದ ಇಆರ್2ಎಸ್‌ಇಯಲ್ಲಿ ಗೆರೆ ಎಳೆದಂತೆ ಸ್ಪಷ್ಟ. ಆದರೆ ರವೆ ಹಚ್ಚಿದ ಎಡಭಾಗದ ಗುಮ್ಕಿ (ಗುಂಯ್ ಎನ್ನುವ ಆಳದ ನಾದ) ಅದರಲ್ಲಿ ಸೊರಗುತ್ತದೆ. ಸಭಾಂಗಣದ ಮುಂದಿನ ಸಾಲಿನಲ್ಲಿ ಕುಳಿತು ಮೃದಂಗ ಕೇಳಿದವರಿಗೆ ಏನೋ ಕೊರತೆಯಿದೆ ಎನ್ನಿಸದೆ ಇರದು. ಅಡಾಪ್ಟರ್ ಸಿಕ್ಕಿಸಿದ ಝೀರೋ ರೆಡ್ ಈ ಎರಡನ್ನೂ ಕೊಡುತ್ತದೆ: ಎಡಭಾಗಕ್ಕೆ ಆಳ ಬರುತ್ತದೆ, ಬಲಭಾಗ ಮಂಕಾಗುವುದಿಲ್ಲ. ತನಿ ಆವರ್ತನಕ್ಕೆ, ಎಂದರೆ ಕಛೇರಿಯಲ್ಲಿ ತಾಳವಾದ್ಯವೊಂದೇ ನುಡಿಯುವ ಭಾಗಕ್ಕೆ, ನನ್ನ ಮೊದಲ ಆಯ್ಕೆ ಇದೇ. ವೀಣೆಗೆ ಮಾತ್ರ ಅಡಾಪ್ಟರ್ ತೆಗೆದಿಡುತ್ತೇನೆ, ಏಕೆಂದರೆ ಮಂದ್ರದ ತಂತಿಯನ್ನು ಎಳೆದು ನುಡಿಸುವಾಗ ಬೆರಳು ಮೆಟ್ಟಿಲ ಮೇಲೆ ಮಾಡುವ ಕೆಲಸ ನನಗೆ ನಾದದ ಗಾತ್ರಕ್ಕಿಂತ ಮುಖ್ಯ.

ಹಿಂದೂಸ್ತಾನಿ ಗಾಯನದಲ್ಲಿ ಲೆಕ್ಕ ಸ್ವಲ್ಪ ಬದಲಾಗುತ್ತದೆ. ವಿಲಂಬಿತ ಖಯಾಲಿನಲ್ಲಿ ತಬಲಾದ ಹೊಡೆತಗಳ ನಡುವೆ ಬೇಕಾದಷ್ಟು ಅವಕಾಶವಿರುವುದರಿಂದ, ಡಗ್ಗಾದ (ತಬಲಾದ ಎಡಗೈ ವಾದ್ಯ) ಮೇಲೆ ಅಂಗೈ ಒತ್ತಿ ಎಳೆಯುವ ಮೀಂಡ್ (ಜಾರುವ ನಾದ) ಬಿಎಲ್-03ರಲ್ಲಿ ಮನಸ್ಸು ತುಂಬುವಂತೆ ಕೇಳುತ್ತದೆ. ಅದೇ ಜೋಡಿಯಲ್ಲಿ ಗಂಗೂಬಾಯಿ ಹಾನಗಲ್ಲರ ಗಾಯನ ಕೇಳಿದಾಗ ಮಾತ್ರ ಒಪ್ಪಿಗೆಯಾಗಲಿಲ್ಲ. ಅವರ ಕಂಠದ ಗಾಂಭೀರ್ಯ ಸಹಜವಾಗಿಯೇ ತುಂಬಿ ನಿಂತದ್ದು. ಅದರ ಮೇಲೆ ಇಯರ್‌ಫೋನ್ ತನ್ನದೊಂದು ತೂಕ ಸೇರಿಸಿದರೆ, ತಾನ್‌ಗಳಲ್ಲಿ (ವೇಗದ ಸ್ವರಸರಣಿಗಳಲ್ಲಿ) ದನಿಯ ಅಂಚು ಮಸುಕಾಗುತ್ತದೆ. ಅವರನ್ನು ಇಆರ್2ಎಸ್‌ಇಯಲ್ಲಿ ಕೇಳಬೇಕು.

ಯಕ್ಷಗಾನಕ್ಕೆ ಬೇಸ್ ಹೆಚ್ಚಿರುವ ಯಾವ ಜೋಡಿಯನ್ನೂ ನಾನು ಸೂಚಿಸಲಾರೆ. ಚಂಡೆಯ ಪೆಟ್ಟಿನ ಹರಿತ, ಭಾಗವತರ ಏರುದನಿ, ತಾಳದ ಲೋಹನಾದ ಎಲ್ಲವೂ ಮೇಲಿನ ಕಂಪನಾಂಕಗಳಲ್ಲಿವೆ. ಕೆಳಗಿನ ಸ್ವರವು ಮೇಲಿನ ಸ್ವರವನ್ನು ಮುಚ್ಚಿಹಾಕುವಷ್ಟು ಸುಲಭವಾಗಿ ಮೇಲಿನದು ಕೆಳಗಿನದನ್ನು ಮುಚ್ಚುವುದಿಲ್ಲ ಎಂಬುದು 1924ರಲ್ಲಿ ಸಂಶೋಧಕರಾದ ವೆಗೆಲ್ ಮತ್ತು ಲೇನ್ ನಡೆಸಿದ ಪ್ರಯೋಗಗಳಿಂದಲೇ ತಿಳಿದಿರುವ ಸಂಗತಿ. ಬಯಲಿನಲ್ಲಿ ಮೈಕ್ ಇಟ್ಟು ಮಾಡಿದ ಮುದ್ರಣಗಳಲ್ಲಿ ಗಾಳಿಯ ಮತ್ತು ವೇದಿಕೆಯ ಗುಡುಗುಡು ಬೇಸ್ ಜೊತೆಗೆ ಮೇಲೆದ್ದಾಗ ಇದು ಚೆನ್ನಾಗಿ ಅನುಭವಕ್ಕೆ ಬರುತ್ತದೆ.

ಅರವತ್ತು, ಎಪ್ಪತ್ತರ ದಶಕದ ಕನ್ನಡ ಚಿತ್ರಗೀತೆಗಳಲ್ಲಿ ಫಲಿತಾಂಶ ನಾನು ನಿರೀಕ್ಷಿಸಿದ್ದಕ್ಕಿಂತ ಕುತೂಹಲಕರವಾಗಿತ್ತು. ಆ ಮುದ್ರಣಗಳಲ್ಲಿ ಸಬ್-ಬೇಸ್ ಹೆಚ್ಚುಕಡಿಮೆ ಇಲ್ಲವೇ ಇಲ್ಲವಾದ್ದರಿಂದ ಅಡಾಪ್ಟರ್ ಇದ್ದರೂ ಇಲ್ಲದಿದ್ದರೂ ಝೀರೋ ರೆಡ್‌ನಲ್ಲಿ ಹಾಡು ಬಹುತೇಕ ಒಂದೇ ರೀತಿ ಕೇಳುತ್ತದೆ. ಬಿಎಲ್-03 ಇಲ್ಲಿ ಗೆಲ್ಲುತ್ತದೆ: ತೆಳ್ಳಗಿರುವ ಹಳೆಯ ಮುದ್ರಣಕ್ಕೆ ಅದು ಮೈ ಕೊಡುತ್ತದೆ, ಪಿಟೀಲುಗಳ ಚುಚ್ಚುವಿಕೆಯನ್ನು ತಗ್ಗಿಸುತ್ತದೆ. ಆದರೆ ಹಳೆಯ ಟೇಪುಗಳಿಂದ ಪ್ರತಿ ಮಾಡಿದ ಕಛೇರಿಗಳ ವಿಷಯದಲ್ಲಿ ಎಚ್ಚರ ಬೇಕು. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಜ್‌ನದು; ಮುದ್ರಣದೊಳಗೆ ನುಸುಳಿದ ಅದರ ಗುಂಯ್‌ಗುಡುವಿಕೆ 50 ಮತ್ತು 100 ಹರ್ಟ್ಜ್‌ನಲ್ಲಿ ಕುಳಿತಿರುತ್ತದೆ, ಬೇಸ್ ಎತ್ತುವ ಎರಡೂ ಜೋಡಿಗಳು ಅದನ್ನು ತಂಬೂರಿಗೆ ಪೈಪೋಟಿ ಕೊಡುವಷ್ಟು ಮುಂದೆ ತರುತ್ತವೆ.

ಇಂದಿನ ಚಿತ್ರಗೀತೆ, ಹಿಪ್-ಹಾಪ್, ಎಲೆಕ್ಟ್ರಾನಿಕ್ ಸಂಗೀತಗಳಲ್ಲಿ ಸ್ಪರ್ಧೆಯೇ ಇಲ್ಲ. 1980ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಹೊರತಂದ ಟಿಆರ್-808 ಡ್ರಮ್ ಯಂತ್ರದ ಕಿಕ್ (ಕಾಲಿನ ಪೆಡಲ್‌ನಿಂದ ಬಾರಿಸುವ ದೊಡ್ಡ ಡ್ರಮ್) ಧ್ವನಿ, ಉದ್ದವಾಗಿ ಎಳೆಯುವ ಆಳದ ನಾದವಾಗಿ ಈ ಸಂಗೀತದ ಅಡಿಪಾಯವೇ ಆಗಿಬಿಟ್ಟಿದೆ. ಆ ನಾದ ಕಿವಿಗಿಂತ ಮೈಗೆ ತಿಳಿಯಬೇಕಾದದ್ದು. ಇಆರ್2ಎಸ್‌ಇಯಲ್ಲಿ ಅದು ಇದೆ ಎಂದು ಗೊತ್ತಾಗುತ್ತದೆ, ಬಿಎಲ್-03ರಲ್ಲಿ ಅದರ ಮೇಲಂಚು ಮಾತ್ರ ಉಬ್ಬುತ್ತದೆ, ಅಡಾಪ್ಟರ್ ಇರುವ ಝೀರೋ ರೆಡ್‌ನಲ್ಲಿ ಅದು ಗಾಯಕರ ದನಿಯನ್ನು ಮುಟ್ಟದೆ ಕೆಳಗಿನಿಂದ ಎದ್ದು ಬರುತ್ತದೆ.

ರಾಕ್ ಮತ್ತು ಮೆಟಲ್ ಸಂಗೀತದಲ್ಲಿ ಬೇಸ್ ಗಿಟಾರಿನ ಕೆಳಗಿನ ತಂತಿ ಸುಮಾರು 41 ಹರ್ಟ್ಜ್‌ನಲ್ಲಿದ್ದರೂ ಕಿವಿ ಅದನ್ನು ಗುರುತಿಸುವುದು ಬಹುಮಟ್ಟಿಗೆ ಮೇಲಿನ ಉಪಸ್ವರಗಳಿಂದ. ಎರಡು ಪೆಡಲ್‌ಗಳ ವೇಗದ ಕಿಕ್ ಬರುವ ಕಡೆ ಬಿಎಲ್-03ರಲ್ಲಿ ಪೆಟ್ಟುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಿಧಾನಗತಿಯ ಜಾಝ್‌ನಲ್ಲಿ ಡಬಲ್ ಬೇಸ್‌ನ ಮರದ ಮೈ ಅದೇ ಜೋಡಿಯಲ್ಲಿ ಚೆಂದವಾಗಿ ಕೇಳುತ್ತದೆ.

ಈ ತೀರ್ಮಾನಗಳೆಲ್ಲ ಶಾಂತವಾದ ಕೋಣೆಯಲ್ಲಿ, ಮಧ್ಯಮ ವಾಲ್ಯೂಮ್‌ನಲ್ಲಿ ಕೇಳಿದವು. ಸದ್ದು ತಗ್ಗಿದಂತೆ ನಮ್ಮ ಕಿವಿಗೆ ಬೇಸ್ ಉಳಿದೆಲ್ಲಕ್ಕಿಂತ ಬೇಗ ಕ್ಷೀಣಿಸುತ್ತದೆ ಎಂಬುದನ್ನು ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಅಳೆದು ತೋರಿಸಿದ್ದರು. ಹಾಗಾಗಿ ರಾತ್ರಿ ತಗ್ಗಿದ ಸದ್ದಿನಲ್ಲಿ ಕೇಳುವಾಗ ವೀಣೆಗೂ ನಾನು ಅಡಾಪ್ಟರ್ ಸಿಕ್ಕಿಸುತ್ತೇನೆ. ಬಸ್ಸಿನ ಎಂಜಿನ್ನಿನ ಮೊರೆತ ಕೆಳಗಿನ ಕಂಪನಾಂಕಗಳನ್ನು ನುಂಗುವುದರಿಂದ ಅಲ್ಲಿಯೂ ಹೆಚ್ಚುವರಿ ಬೇಸ್ ಉಪಯೋಗಕ್ಕೆ ಬರುತ್ತದೆ. ಅದನ್ನು ಪಡೆಯಲು ವಾಲ್ಯೂಮ್ ಏರಿಸಿ ಕಿವಿಗೆ ಅಪಾಯ ತಂದುಕೊಳ್ಳಬೇಕಾಗಿಲ್ಲ. ಯಾವ ಜೋಡಿಯಾದರೂ ಇಯರ್‌ಟಿಪ್ ಕಿವಿಯನ್ನು ಸರಿಯಾಗಿ ಮುಚ್ಚದಿದ್ದರೆ ಮೊದಲು ಸೋರಿಹೋಗುವುದು ಸಬ್-ಬೇಸ್. ಆದ್ದರಿಂದ ಅಂಗಡಿಯಲ್ಲಿ ಕೇಳಿ ನೋಡುವವರು ಕನಿಷ್ಠ ಎರಡು ಅಳತೆಯ ಟಿಪ್ ಹಾಕಿ, ಪರಿಚಿತವಾದ ಒಂದೇ ಹಾಡಿನ ಅದೇ ಭಾಗವನ್ನು ಮತ್ತೆ ಕೇಳಿದ ಮೇಲೆ ಆ ಜೋಡಿಯಲ್ಲಿ ಬೇಸ್ ಇದೆಯೋ ಇಲ್ಲವೋ ಎಂದು ನಿರ್ಧರಿಸಬೇಕು.