ಹೆಸರುವಾಸಿ ಕೆಟ್ಟ ಸಿನಿಮಾಗಳು: ನಾಲ್ಕನ್ನೂ ನೋಡಿ ಹೋಲಿಸಿದಾಗ

ಜಗತ್ತಿನ ಅತಿ ಕೆಟ್ಟ ಸಿನಿಮಾ ಯಾವುದು ಅಂತ ಹುಡುಕಿದರೆ ಕೆಲವು ಹೆಸರು ಮತ್ತೆ ಮತ್ತೆ ಬರುತ್ತವೆ. ಅವುಗಳಲ್ಲಿ ನಾಲ್ಕನ್ನು ಈ ಮಳೆಗಾಲದಲ್ಲಿ ಸಾಗರದ ನಮ್ಮ ಮನೆಯಲ್ಲಿ ಕೂತು ಪೂರ್ತಿ ನೋಡಿದೆವು. ಎಡ್ ವುಡ್ ಅವರ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’, ಹೆರಾಲ್ಡ್ ವಾರೆನ್ ಅವರ ‘ಮ್ಯಾನೋಸ್: ದಿ ಹ್ಯಾಂಡ್ಸ್ ಆಫ್ ಫೇಟ್’, ಟಾಮಿ ವೈಸೋ ಅವರ ‘ದಿ ರೂಮ್’, ಟಾಮ್ ಹೂಪರ್ ಅವರ ‘ಕ್ಯಾಟ್ಸ್’. ಜೊತೆಗೆ ನನ್ನ ತಮ್ಮ ಮತ್ತು ಚಿಕ್ಕಪ್ಪ ಇದ್ದರು. ಚಿಕ್ಕಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಅವರು ಇಂಗ್ಲಿಷ್ ಸಿನಿಮಾ ನೋಡುವುದು ಕಮ್ಮಿ. ಆದರೆ ಮಾತಿನ ಎಳೆ ಎಲ್ಲಿ ತಪ್ಪಿತು ಅನ್ನೋದು ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಇಂಥ ಸಿನಿಮಾಗಳ ಮಾತು ಬಂದರೆ ಜನ ಮೊದಲು ಆಡಿಕೊಳ್ಳುವುದು ಸೆಟ್ಟನ್ನು. ಪ್ಲಾನ್ 9ರಲ್ಲಿ ವಿಮಾನದ ಕಾಕ್‌ಪಿಟ್‌ಗೆ ಬಾಗಿಲ ಬದಲು ಒಂದು ಪರದೆ ಇಳಿಬಿಟ್ಟಿದ್ದಾರೆ. ಸ್ಮಶಾನದ ಕಲ್ಲುಗಳು ಅಲುಗಾಡುತ್ತವೆ. ನಮಗೆ ಇದೊಂದು ದೊಡ್ಡ ತಪ್ಪು ಅನ್ನಿಸಲೇ ಇಲ್ಲ. ನಾವು ಬಯಲಾಟ ನೋಡಿ ಬೆಳೆದವರು ಅಲ್ವಾ? ರಂಗಸ್ಥಳದಲ್ಲಿ ಇರೋದು ಒಂದು ಮರದ ರಥ. ಕೌರವ ಬಂದು ಕೂತರೆ ಅದು ಹಸ್ತಿನಾವತಿಯ ಸಿಂಹಾಸನ, ಇನ್ನೊಬ್ಬ ಹತ್ತಿ ನಿಂತರೆ ಅದೇ ಬೆಟ್ಟ. ಬೆಳಗಿನವರೆಗೂ ಯಾರಿಗೂ ಅನುಮಾನ ಬರುವುದಿಲ್ಲ.

ಹಾಗಿದ್ದರೆ ಪ್ಲಾನ್ 9 ಕೆಡುವುದು ಎಲ್ಲಿ? ಹಗಲು ರಾತ್ರಿಯಲ್ಲಿ. ಪೊಲೀಸ್ ಕಾರು ಹಗಲಲ್ಲಿ ಹೊರಡುತ್ತದೆ, ಸ್ಮಶಾನಕ್ಕೆ ಬರುವಷ್ಟರಲ್ಲಿ ಕಗ್ಗತ್ತಲು. ಮುಂದಿನ ಶಾಟ್‌ನಲ್ಲಿ ಮತ್ತೆ ಬಿಸಿಲು. ಕತ್ತಲು ಅಂತ ನಂಬಿ ಅಂದದ್ದೂ ಅದೇ ಸಿನಿಮಾ, ನಂಬಿದವರ ಕಣ್ಣಿಗೆ ಬಿಸಿಲು ತೋರಿಸಿದ್ದೂ ಅದೇ. ರಥವನ್ನು ಸಿಂಹಾಸನ ಅಂತ ಒಪ್ಪಿಸಿದ ಮೇಲೆ ಯಾವ ವೇಷಧಾರಿಯೂ ಅದರ ಮೇಲೆ ಟವೆಲ್ ಒಣಹಾಕುವುದಿಲ್ಲ.

ಆದರೂ ಈ ಚಿತ್ರದ ಮೇಲೆ ನನಗೆ ಪ್ರೀತಿ ಇದೆ. ಕಾರಣ ಬೆಲಾ ಲುಗೋಸಿ. ಒಂದು ಕಾಲದಲ್ಲಿ ಡ್ರಾಕುಲಾ ಪಾತ್ರದಿಂದ ಮನೆಮಾತಾಗಿದ್ದ ನಟ 1956ರ ಆಗಸ್ಟ್‌ನಲ್ಲಿ ತೀರಿಕೊಂಡರು. ವುಡ್ ಕೈಯಲ್ಲಿ ಉಳಿದದ್ದು ಮಾತಿಲ್ಲದ ಕೆಲವು ತುಣುಕು. ಅವನ್ನೇ ಇಟ್ಟುಕೊಂಡು ಸಿನಿಮಾ ಕಟ್ಟಿದರು. ಉಳಿದ ಸೀನುಗಳಿಗೆ ತಮ್ಮ ಹೆಂಡತಿಗೆ ಬೆನ್ನುಮೂಳೆಯ ಚಿಕಿತ್ಸೆ ಕೊಡುತ್ತಿದ್ದ ಟಾಮ್ ಮೇಸನ್ ಅವರನ್ನು ಡೂಪ್ ಹಾಕಿದರು. ಎತ್ತರ ಬೇರೆ, ಮುಖ ಬೇರೆ. ಹಾಗಾಗಿ ಮೇಸನ್ ಕೊನೆಯವರೆಗೂ ಕರಿ ನಿಲುವಂಗಿಯನ್ನು ಮುಖಕ್ಕೆ ಅಡ್ಡ ಹಿಡಿದೇ ನಡೆಯುತ್ತಾರೆ. 1980ರಲ್ಲಿ ಮೆಡ್ವೆಡ್ ಸಹೋದರರ ಪುಸ್ತಕ ಇದಕ್ಕೆ ಅತಿ ಕೆಟ್ಟ ಚಿತ್ರದ ಪಟ್ಟ ಕಟ್ಟಿತು. ಲುಗೋಸಿ ಮನೆ ಮುಂದೆ ನಿಂತು ಹೂವು ಕಿತ್ತು ಮೂಸುವ ಆ ಒಂದು ತುಣುಕನ್ನು ನೋಡಿದರೆ ಆ ಪಟ್ಟ ಜಾಸ್ತಿಯಾಯಿತು ಅನ್ನಿಸುತ್ತದೆ.

‘ಮ್ಯಾನೋಸ್’ 1966ರದ್ದು. ವಾರೆನ್ ಟೆಕ್ಸಾಸ್‌ನ ಎಲ್ ಪಾಸೋದಲ್ಲಿ ಗೊಬ್ಬರ ಮಾರುತ್ತಿದ್ದವರು. ಅವರ ಕ್ಯಾಮೆರಾದಲ್ಲಿ ಒಮ್ಮೆಗೆ ಸುಮಾರು 32 ಸೆಕೆಂಡ್ ಮಾತ್ರ ತೆಗೆಯಬಹುದಿತ್ತು. ಧ್ವನಿಯನ್ನೆಲ್ಲ ಆಮೇಲೆ ಬೆರಳೆಣಿಕೆಯ ಜನ ಸೇರಿ ಕೊಟ್ಟರು. ಪುಟ್ಟ ಹುಡುಗಿ ಬಾಯಿ ತೆರೆದರೆ ದೊಡ್ಡ ಹೆಂಗಸಿನ ದನಿ. ಶುರುವಿನಲ್ಲಿ ಕಾರು ಓಡುತ್ತಲೇ ಇರುತ್ತದೆ, ಕಥೆ ಹೊರಡುವುದೇ ಇಲ್ಲ. ನಾಲ್ಕರಲ್ಲಿ ನಮಗೆ ಬೇಸರ ಬಂದದ್ದು ಇದೊಂದೇ. ಮಧ್ಯದಲ್ಲಿ ಕರೆಂಟ್ ಹೋದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

‘ದಿ ರೂಮ್’ ಮಾತ್ರ ಬೇರೆಯೇ ಜಾತಿ. 2003ರದ್ದು. ವೈಸೋ ತಾವೇ ಬರೆದು, ದುಡ್ಡು ಹಾಕಿ, ನಿರ್ದೇಶಿಸಿ, ನಾಯಕನೂ ಆದರು. ಸುಮಾರು 60 ಲಕ್ಷ ಡಾಲರ್ ಖರ್ಚಾಯಿತು ಎನ್ನುತ್ತಾರೆ. ಫಿಲ್ಮ್ ಕ್ಯಾಮೆರಾ, ಡಿಜಿಟಲ್ ಕ್ಯಾಮೆರಾ ಎರಡನ್ನೂ ಪಕ್ಕಪಕ್ಕ ಇಟ್ಟು ಒಟ್ಟಿಗೆ ಶೂಟ್ ಮಾಡಿದರು. ಬಡತನದ ನೆಪ ಇಲ್ಲಿ ಇಲ್ಲ. ಕೆಟ್ಟದ್ದು ಮಾತು.

ನಾಯಕಿಯ ಅಮ್ಮ ಸೋಫಾದ ಮೇಲೆ ಕೂತು, ಟೆಸ್ಟ್ ರಿಪೋರ್ಟ್ ಬಂತು, ನನಗೆ ಸ್ತನ ಕ್ಯಾನ್ಸರ್ ಅಂತ ಹೇಳುತ್ತಾಳೆ. ಮಗಳು, ಚಿಂತೆ ಮಾಡಬೇಡ, ಎಲ್ಲ ಸರಿಹೋಗುತ್ತೆ ಅಂದು ಬೇರೆ ವಿಷಯಕ್ಕೆ ಹೋಗುತ್ತಾಳೆ. ಸಿನಿಮಾ ಮುಗಿದರೂ ಆ ಕ್ಯಾನ್ಸರಿನ ಮಾತು ಮತ್ತೆ ಬರುವುದಿಲ್ಲ. ಅರ್ಧ ಗಂಟೆ ಬಿಟ್ಟು ಚಿಕ್ಕಪ್ಪ ಕೇಳಿದರು, “ಅಲ್ಲ ಮಾರಾಯ, ಆ ತಾಯಿ ಅಷ್ಟು ದೊಡ್ಡ ಮಾತು ಆಡಿದಳಲ್ಲ, ಅದಕ್ಕೆ ಉತ್ತರ ಯಾವಾಗ ಕೊಡ್ತಾರೆ?” ಕೊಡುವುದಿಲ್ಲ ಚಿಕ್ಕಪ್ಪ ಅಂದಾಗ ಅವರಿಗೆ ನಿಜವಾಗಲೂ ಬೇಜಾರಾಯಿತು.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಪಂಚೆ ಶಲ್ಯದಲ್ಲಿ ಎದುರುಬದುರು ಕೂತಿರುತ್ತಾರೆ. ವಾಲಿವಧೆಯಲ್ಲಿ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಅಂತ ವಾಲಿ ಕೇಳಿದರೆ ರಾಮ ಉತ್ತರ ಕೊಡಲೇಬೇಕು. ಜನ ನಿದ್ದೆಗೆಟ್ಟು ಕಾಯುವುದೇ ಆ ಉತ್ತರಕ್ಕೆ. ದಿ ರೂಮ್‌ನಲ್ಲಿ ಎಲ್ಲರೂ ಮಾತಾಡುತ್ತಾರೆ, ಎದುರಿನವರ ಮಾತು ಯಾರ ಕಿವಿಗೂ ಬೀಳುವುದಿಲ್ಲ. ನಾಯಕ ಸಿಟ್ಟಿನಲ್ಲಿ ಚಾವಣಿಗೆ ಬಂದು, ನಾನು ಅವಳನ್ನು ಹೊಡೆದಿಲ್ಲ ಅಂತ ಕೂಗಿ ಬಾಟಲಿ ಎಸೆದು, ಮರುಕ್ಷಣ ಗೆಳೆಯನಿಗೆ ಆರಾಮಾಗಿ ಹಾಯ್ ಅನ್ನುತ್ತಾನೆ. ತಾನು ಆಗಷ್ಟೇ ಆಡಿದ ಮಾತು ಅವನಿಗೇ ಕೇಳಿಸಿಲ್ಲ.

2019ರ ‘ಕ್ಯಾಟ್ಸ್’ನಲ್ಲಿ ಯಾವುದಕ್ಕೂ ಕೊರತೆಯಿಲ್ಲ. ಹೂಪರ್ ಆಸ್ಕರ್ ಗೆದ್ದ ನಿರ್ದೇಶಕ, ತೆರೆಯ ಮೇಲೆ ಜೂಡಿ ಡೆಂಚ್, ಇಯಾನ್ ಮೆಕೆಲನ್. ಮನುಷ್ಯರ ಮುಖಕ್ಕೆ ಕಂಪ್ಯೂಟರ್‌ನಲ್ಲಿ ಬೆಕ್ಕಿನ ರೋಮ ಹಚ್ಚಿದ್ದಾರೆ. ಬೆಕ್ಕುಗಳ ಅಳತೆ ಒಂದು ಸೀನಿನಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು. ಅವಸರದಲ್ಲಿ ಮುಗಿಸಿದ್ದರಿಂದ ಡೆಂಚ್ ಅವರ ಕೈ ಉಂಗುರದ ಸಮೇತ ಮನುಷ್ಯರ ಕೈಯಾಗಿಯೇ ಉಳಿದಿತ್ತು. ಬಿಡುಗಡೆಯಾದ ಮೇಲೆ ತಿದ್ದಿದ ಪ್ರಿಂಟನ್ನು ಥಿಯೇಟರ್‌ಗಳಿಗೆ ಕಳಿಸಬೇಕಾಯಿತು. ನಾಲ್ಕರಲ್ಲಿ ಕ್ಷಮಿಸಲು ಮನಸ್ಸು ಬಾರದ್ದು ನನಗೆ ಇದೇ. ದುಡ್ಡು, ವಿದ್ಯೆ, ಜನ ಎಲ್ಲ ಇದ್ದೂ ಒಬ್ಬರೂ ನಿಂತು ನೋಡಲಿಲ್ಲವಲ್ಲ! ತಮ್ಮ ಇದನ್ನು ಒಪ್ಪುವುದಿಲ್ಲ. ಹಾಡು ಕುಣಿತ ಚೆನ್ನಾಗಿದೆ, ಮ್ಯಾನೋಸ್‌ಗಿಂತ ಸಾವಿರ ಪಾಲು ವಾಸಿ ಅನ್ನುತ್ತಾನೆ. ಕುಣಿತದ ಮಟ್ಟಿಗೆ ಅವನ ಮಾತು ಸರಿ.

ಒಂದೇ ನೋಡುವುದಾದರೆ ‘ದಿ ರೂಮ್’ ನೋಡಿ, ಮಕ್ಕಳು ಮಲಗಿದ ಮೇಲೆ, ನಾಲ್ಕಾರು ಜನ ಕೂತು. ಒಬ್ಬರೇ ಇದ್ದರೆ ಪ್ಲಾನ್ 9 ಸಾಕು, ಒಂದೂಕಾಲು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ‘ಮ್ಯಾನೋಸ್’ ಬಿಟ್ಟರೆ ನಷ್ಟವಿಲ್ಲ.